ರಾವಲ್ಪಿಂಡಿಯ ಗೋಡೆ ಕೊರೆದ ಪೈಲಟ್: ದಿಲೀಪ್ ಪಾರುಲ್ಕರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕತೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ರೈಲಿನಲ್ಲಿ ಹೇಳಿದ್ದೇನೆ, ಎನ್‌ಸಿಸಿ ಹುಡುಗರಿಗೆ ಹೇಳಿದ್ದೇನೆ, ಮದುವೆ ಮನೆಯಲ್ಲಿ ಊಟದ ಪಂಕ್ತಿ ಏಳುವ ತನಕ ಕಾಯುತ್ತಾ ಹೇಳಿದ್ದೇನೆ. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಅವೇ. ಅವನ್ನೆಲ್ಲ ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಕತೆ ಗೊತ್ತಿಲ್ಲದವರು ಮೇಲಿನಿಂದ ಓದಿ. ಗೊತ್ತಿದ್ದವರು ನೇರವಾಗಿ ಕೊನೆಯ ಭಾಗಕ್ಕೆ ಹೋದರೂ ಆಯಿತು.

## ಮೊದಮೊದಲ ಪ್ರಶ್ನೆಗಳು

ದಿಲೀಪ್ ಪಾರುಲ್ಕರ್ ಅಂದ್ರೆ ಯಾರು ಸಾರ್? ಹೆಸರೇ ಕೇಳಿಲ್ಲ.

ಭಾರತೀಯ ವಾಯುಪಡೆಯ ಫೈಟರ್ ಪೈಲಟ್. 1963ರಲ್ಲಿ ವಾಯುಪಡೆಗೆ ಸೇರಿದರು. 1965ರ ಯುದ್ಧದಲ್ಲಿ ಅವರ ವಿಮಾನಕ್ಕೆ ಗುಂಡು ಬಿತ್ತು, ಬಲ ಭುಜಕ್ಕೂ ಪೆಟ್ಟಾಯಿತು. ವಿಮಾನ ಬಿಟ್ಟು ಹಾರಿಕೋ ಎಂದು ತಂಡದ ನಾಯಕರು ಹೇಳಿದರೂ ಕೇಳದೆ ಅದನ್ನು ವಾಪಸ್ ತಂದು ಇಳಿಸಿದರು. ಅದಕ್ಕೆ ವಾಯುಸೇನಾ ಪದಕ ಬಂತು.

1971ರ ಯುದ್ಧದಲ್ಲಿ ಅಷ್ಟು ಅದೃಷ್ಟ ಇರಲಿಲ್ಲ. ಡಿಸೆಂಬರ್ 10ರಂದು ಅವರ ಸುಖೋಯ್-7 ವಿಮಾನ ಪಾಕಿಸ್ತಾನದಲ್ಲಿ ಗುಂಡೇಟಿಗೆ ಸಿಕ್ಕಿತು. ಪ್ಯಾರಾಚೂಟ್‌ನಲ್ಲಿ ಇಳಿದರು, ಸೆರೆಯಾದರು. 1972ರ ಆಗಸ್ಟ್‌ನಲ್ಲಿ ಇಬ್ಬರು ಜೊತೆಗಾರರನ್ನು ಕರೆದುಕೊಂಡು ರಾವಲ್ಪಿಂಡಿಯ ಸೆರೆಶಿಬಿರದ ಗೋಡೆ ಕೊರೆದು ಹೊರಗೆ ಬಂದರು. ಜೊತೆಗಿದ್ದವರು ಫ್ಲೈಟ್ ಲೆಫ್ಟಿನೆಂಟ್ ಎಂ.ಎಸ್. ಗ್ರೆವಾಲ್ ಮತ್ತು ಹರೀಶ್ ಸಿಂಹಜಿ. ಪಾರುಲ್ಕರ್ ಆಗ ಫ್ಲೈಟ್ ಲೆಫ್ಟಿನೆಂಟ್. ಮುಂದೆ ಗ್ರೂಪ್ ಕ್ಯಾಪ್ಟನ್ ಆದರು.

ಅವರು ಜನರಲ್ ಕಾರ್ಯಪ್ಪನವರ ಮಗ ಅಲ್ವಾ?

ಅಲ್ಲ. ನಮ್ಮ ಕಡೆ ಎಲ್ಲಿ ಹೋದರೂ ಈ ಪ್ರಶ್ನೆ ಬರುತ್ತದೆ, ಬರುವುದು ಸಹಜವೂ ಹೌದು. ಕೊಡಗಿನ ಕಾರ್ಯಪ್ಪನವರ ಮಗ ಕೆ.ಸಿ. ಕಾರ್ಯಪ್ಪ, ಎಲ್ಲರ ಬಾಯಲ್ಲಿ ನಂದಾ ಕಾರ್ಯಪ್ಪ, ಕೂಡ ಫೈಟರ್ ಪೈಲಟ್. ಅವರು ಸೆರೆಯಾಗಿದ್ದು ಹಿಂದಿನ ಯುದ್ಧದಲ್ಲಿ, 1965ರ ಸೆಪ್ಟೆಂಬರ್‌ನಲ್ಲಿ, ಕದನವಿರಾಮದ ಹೊಸ್ತಿಲಲ್ಲಿ. ಆಗ ಪಾಕಿಸ್ತಾನದ ಅಧ್ಯಕ್ಷರು ಅಯೂಬ್ ಖಾನ್. ದೇಶ ಒಡೆಯುವ ಮೊದಲು ಅವರೂ ಕಾರ್ಯಪ್ಪನವರೂ ಒಂದೇ ಸೈನ್ಯದಲ್ಲಿದ್ದವರು. ಮಗನನ್ನು ಬೇಗ ಬಿಡುತ್ತೇವೆ ಎಂಬ ಮಾತು ಬಂದಾಗ ತಂದೆ ಒಪ್ಪಲಿಲ್ಲ. ಉಳಿದ ಕೈದಿಗಳಿಗೆ ಏನೋ ಅವನಿಗೂ ಅದೇ ಎಂದರು. ಮಗ 1966ರ ಜನವರಿಯಲ್ಲಿ ಉಳಿದವರ ಜೊತೆ ಬಂದರು, ಮುಂದೆ ಏರ್ ಮಾರ್ಷಲ್ ಆದರು.

ಒಂದು ಸಣ್ಣ ತಿದ್ದುಪಡಿ. ಆಗ ಕಾರ್ಯಪ್ಪನವರು ಇನ್ನೂ ಫೀಲ್ಡ್ ಮಾರ್ಷಲ್ ಆಗಿರಲಿಲ್ಲ. ಆ ಪದವಿ ಬಂದದ್ದು 1986ರಲ್ಲಿ. ಕತೆ ಹೇಳುವವರು ಇದನ್ನು ಜಾಸ್ತಿ ಮರೆಯುತ್ತಾರೆ.

ಯುದ್ಧ ಡಿಸೆಂಬರ್‌ನಲ್ಲೇ ಮುಗೀತು. ಇವರು ಆಗಸ್ಟ್ ತನಕ ಯಾಕೆ ಒಳಗಿದ್ರು?

ಇದೇ ಅವರಿಗೂ ಉರಿಯುತ್ತಿದ್ದ ಪ್ರಶ್ನೆ. ಹೋರಾಟ ನಿಂತ ಮೇಲೆ ಯುದ್ಧಕೈದಿಗಳನ್ನು ತಡಮಾಡದೆ ಬಿಡಬೇಕು ಎಂದು 1949ರ ಜಿನೀವಾ ಒಪ್ಪಂದದ 118ನೇ ವಿಧಿ ಹೇಳುತ್ತದೆ. ಆದರೆ ಢಾಕಾದಲ್ಲಿ ಶರಣಾದವರೂ ಸೇರಿ ಸುಮಾರು 93,000 ಪಾಕಿಸ್ತಾನಿಗಳು ಭಾರತದ ವಶದಲ್ಲಿದ್ದರು. ಸೈನಿಕರಲ್ಲದವರೂ ಅದರಲ್ಲಿದ್ದರು. ಅವರನ್ನು ಬಿಡುವುದು ಬಾಂಗ್ಲಾದೇಶವನ್ನು ಒಪ್ಪಿಕೊಳ್ಳುವ ಪ್ರಶ್ನೆಗೆ ಗಂಟು ಬಿದ್ದಿತ್ತು. 1972ರ ಜುಲೈ 2ರಂದು ಭಾರತ-ಪಾಕಿಸ್ತಾನ ಮಾಡಿಕೊಂಡ ಸಿಮ್ಲಾ ಒಪ್ಪಂದದಲ್ಲೂ ಆ ಗಂಟು ಬಿಚ್ಚಲಿಲ್ಲ.

ಅಂದರೆ ಪಾರುಲ್ಕರ್ ತಂಡದವರಿಗೆ ಬಿಡುಗಡೆಯ ದಿನಾಂಕವೇ ಇರಲಿಲ್ಲ. ಎರಡು ವರ್ಷದ ಶಿಕ್ಷೆ ಅಂದರೆ ಗೋಡೆಯ ಮೇಲೆ ಗೀಟು ಎಳೆದುಕೊಂಡು ಎಣಿಸಬಹುದು. ಇಲ್ಲಿ ಎಣಿಸಲು ಏನೂ ಇರಲಿಲ್ಲ. ಸೆರೆಯಲ್ಲಿ ಕಷ್ಟ ಯಾವುದು ಎಂದು ನನ್ನನ್ನು ಕೇಳಿದರೆ ಹೊಡೆತಕ್ಕಿಂತ ಮೊದಲು ಇದನ್ನೇ ಹೇಳುತ್ತೇನೆ.

## ಶಿಬಿರದ ಒಳಗೆ

ಸಿಕ್ಕಿದ ಕೂಡಲೇ ಏನ್ ಮಾಡ್ತಾರೆ? ಹೊಡೀತಾರಾ?

ಮೊದಲ ಗಂಟೆಯೇ ಎಲ್ಲಕ್ಕಿಂತ ಅಪಾಯದ್ದು. ಆಗ ಎದುರಿಗೆ ಬರುವವರು ಸೈನಿಕರೇ ಆಗಿರಬೇಕೆಂದಿಲ್ಲ. ಆಕಾಶದಿಂದ ಬಾಂಬು ಬಿದ್ದ ಸಿಟ್ಟಿನಲ್ಲಿರುವ ಹಳ್ಳಿಯ ಜನ ಇರುತ್ತಾರೆ. ವಿಮಾನ ಬಿಟ್ಟು ಹಾರಿದವರ ಮೈಯೂ ನೆಟ್ಟಗಿರುವುದಿಲ್ಲ. ಎಜೆಕ್ಷನ್ ಸೀಟು ಕಣ್ಣು ಮಿಟುಕಿಸುವುದರೊಳಗೆ ಮನುಷ್ಯನನ್ನು ಮೇಲಕ್ಕೆ ಎಸೆಯುತ್ತದೆ. ಬೆನ್ನುಮೂಳೆ ಮುರಿಯುವುದು ಅಪರೂಪವೇನಲ್ಲ.

ಅದೇ ಯುದ್ಧದಲ್ಲಿ ಜೆ.ಎಲ್. ಭಾರ್ಗವ ಎಂಬ ಪೈಲಟ್ ಮಾರುತ್ ವಿಮಾನದಿಂದ ಸಿಂಧ್‌ನ ಮರಳುಗಾಡಿಗೆ ಹಾರಿಕೊಂಡರು. ಮಾರುತ್ ಅಂದರೆ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾದ ವಿಮಾನ. ತಾನು ಪಾಕಿಸ್ತಾನದ ಪೈಲಟ್, ಹೆಸರು ಮನ್ಸೂರ್ ಅಲಿ ಎಂದು ಹೇಳಿಕೊಂಡು ಅವರು ಸಾಕಷ್ಟು ಹೊತ್ತು ನಿಭಾಯಿಸಿದರು. ಕೊನೆಗೆ ಕಲ್ಮಾ, ಅಂದರೆ ಮುಸ್ಲಿಮರು ತಮ್ಮ ನಂಬಿಕೆ ಸಾರುವ ವಾಕ್ಯ, ಹೇಳು ಅಂದರು. ಬರಲಿಲ್ಲ. ಕತೆ ಅಲ್ಲಿಗೆ ಮುಗಿಯಿತು.

ಸೈನ್ಯದ ಕೈಗೆ ಸಿಕ್ಕಿದ ಮೇಲೆ ವಿಚಾರಣೆ. ಕೈದಿ ಹೇಳಲೇಬೇಕಾದದ್ದು ನಾಲ್ಕೇ: ಹೆಸರು, ದರ್ಜೆ, ಹುಟ್ಟಿದ ದಿನ, ಸೇವಾ ಸಂಖ್ಯೆ. ಹೆಚ್ಚಿನದನ್ನು ಬಾಯಿ ಬಿಡಿಸಲು ಹಿಂಸೆ ಕೊಡುವಂತಿಲ್ಲ. ಕಾಗದದ ಮೇಲೆ ನಿಯಮ ಹೀಗೆ. ಕತ್ತಲ ಕೋಣೆಯಲ್ಲಿ ಅದು ಎಷ್ಟು ನಡೆಯುತ್ತದೆ ಅನ್ನುವುದು ಎದುರಿಗೆ ಕೂತ ಮನುಷ್ಯನ ಮೇಲೆ ಹೋಗುತ್ತದೆ.

ಎಲ್ಲರನ್ನೂ ಒಂದೇ ಕಡೆ ಇಟ್ಟಿದ್ರಾ?

ಮೊದಲು ಒಬ್ಬೊಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿಟ್ಟರು. ಪಕ್ಕದ ಕೋಣೆಯಲ್ಲಿ ನಮ್ಮವರೇ ಇದ್ದಾರೆ ಎಂಬುದೂ ಸರಿಯಾಗಿ ತಿಳಿಯದ ಹಾಗೆ. ಕ್ರಿಸ್‌ಮಸ್ ದಿನ ಶಿಬಿರದ ಮುಖ್ಯಸ್ಥ ಸ್ಕ್ವಾಡ್ರನ್ ಲೀಡರ್ ಉಸ್ಮಾನ್ ಹಮೀದ್ ಒಂದು ಕೇಕ್ ತಂದರು, ಎಲ್ಲರನ್ನೂ ಒಟ್ಟಿಗೆ ಸೇರಿಸಿದರು. ಮುಂದೆ ಈ ಶಿಬಿರದಲ್ಲಿ ವಾಯುಪಡೆಯ ಹನ್ನೆರಡು ಅಧಿಕಾರಿಗಳಿದ್ದರು. ಹಿರಿಯರು ವಿಂಗ್ ಕಮಾಂಡರ್ ಬಿ.ಎ. ಕೊಯೆಲ್ಹೊ. ಕೆಲವರು ಇನ್ನೂ ಪ್ಲಾಸ್ಟರ್‌ನಲ್ಲಿದ್ದರು.

ಉಸ್ಮಾನ್ ಹಮೀದ್ ಹೆಸರು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಕೈದಿಗಳಿಗೆ ಸಂಬಳ ಕೊಡ್ತಾರಂತೆ, ಸುಮ್ನೆ ಹೇಳ್ತಾರಾ?

ಸುಮ್ನೆ ಅಲ್ಲ, ನಿಜ. ಹಿಡಿದಿಟ್ಟ ದೇಶ ಪ್ರತಿ ತಿಂಗಳು ಮುಂಗಡ ಕೊಡಬೇಕು. ಜಿನೀವಾ ಒಪ್ಪಂದದ 60ನೇ ವಿಧಿಯಲ್ಲಿ ಅದು ಸ್ವಿಸ್ ಫ್ರಾಂಕ್‌ನಲ್ಲಿದೆ: ಸಾರ್ಜೆಂಟ್‌ಗಿಂತ ಕೆಳಗಿನವರಿಗೆ 8, ಮೇಜರ್‌ಗಿಂತ ಕೆಳಗಿನ ಅಧಿಕಾರಿಗಳಿಗೆ 50. ಅಧಿಕಾರಿಗಳನ್ನು ದುಡಿಸಿಕೊಳ್ಳುವಂತಿಲ್ಲ. ತಿಂಗಳಿಗೆ ಕಡಿಮೆ ಎಂದರೂ ಎರಡು ಪತ್ರ, ನಾಲ್ಕು ಕಾರ್ಡು ಬರೆಯಲು ಬಿಡಬೇಕು. ರೆಡ್ ಕ್ರಾಸ್ ಪೊಟ್ಟಣಗಳೂ ಬರುತ್ತಿದ್ದವು. ಆ ಪೊಟ್ಟಣಗಳ ಖಾಲಿ ಡಬ್ಬಗಳಿಗೆ ಈ ಕತೆಯಲ್ಲಿ ಬೇರೆಯೇ ಕೆಲಸ ಬಿತ್ತು.

## ಗೋಡೆಯಿಂದ ಲಾಂಡಿ ಕೋತಲ್‌ವರೆಗೆ

ಗೋಡೆ ಕೊರೆಯೋಕೆ ಸಾಮಾನು ಎಲ್ಲಿಂದ ಬಂತು?

ದೊಡ್ಡ ಸಾಮಾನೇನೂ ಇಲ್ಲ. ಕತ್ತರಿ, ಸ್ಕ್ರೂಡ್ರೈವರ್, ಅಷ್ಟೇ. ಐದನೇ ನಂಬರಿನ ಕೋಣೆಯ ಹಿಂಬದಿ ಗೋಡೆಯನ್ನು ಆರಿಸಿಕೊಂಡರು. ಒಂದು ಅಡಿಗಿಂತ ದಪ್ಪದ ಇಟ್ಟಿಗೆ ಗೋಡೆ. ಒಬ್ಬ ಕೊರೆಯಬೇಕು, ಇನ್ನೊಬ್ಬ ಕಾವಲುಗಾರನ ಹೆಜ್ಜೆ ಸದ್ದು ಕೇಳಿಸಿಕೊಳ್ಳಬೇಕು. ಉದುರಿದ ಗಾರೆ, ಇಟ್ಟಿಗೆ ಚೂರುಗಳನ್ನು ಆ ರೆಡ್ ಕ್ರಾಸ್ ಡಬ್ಬಗಳಲ್ಲಿ ತುಂಬಿದರು. ಹೊರಗಿನ ಗಾರೆಯ ಪದರವನ್ನು ಮಾತ್ರ ಕೊನೆಯ ತನಕ ಮುಟ್ಟಲಿಲ್ಲ. ಅದು ಬಿದ್ದರೆ ಬೀದಿಯವರಿಗೆ ಕಂಡುಬಿಡುತ್ತದೆ.

ಹುಡುಗರು ಈ ಭಾಗವನ್ನು ಕಣ್ಣರಳಿಸಿ ಕೇಳುತ್ತಾರೆ. ನನಗೆ ಮಾತ್ರ ಹಗಲಿನದೇ ಯೋಚನೆ. ಹಗಲೆಲ್ಲ ಏನೂ ಆಗದವರ ಹಾಗೆ ಇರಬೇಕು. ಅಡುಗೆಯವನ ಜೊತೆ ಹರಟಬೇಕು, ಇಸ್ಪೀಟು ಆಡಬೇಕು, ಕಾವಲುಗಾರನ ಮಕ್ಕಳ ಬಗ್ಗೆ ವಿಚಾರಿಸಬೇಕು. ಹೀಗೆ ಮುಖ ಕಾಪಾಡಿಕೊಂಡು ದಿನಗಟ್ಟಲೆ ಇರುವುದು ಕೊರೆಯುವುದಕ್ಕಿಂತ ಸುಲಭ ಅಂತ ನನಗೇನೂ ಅನ್ನಿಸುವುದಿಲ್ಲ.

ಆ ರಾತ್ರಿ ಹೊರಗೆ ಬಂದ ಮೇಲೆ ಯಾರೂ ನೋಡ್ಲಿಲ್ವಾ?

1972ರ ಆಗಸ್ಟ್ 12ರ ರಾತ್ರಿ, 13ಕ್ಕೆ ಬೆಳಗಾಗುವ ಮೊದಲು. ಧೂಳುಗಾಳಿ ಎದ್ದಿತ್ತು. ಹೊರಗಿನ ಕಾವಲುಗಾರ ಚಾರ್ಪಾಯಿಯ (ಹಗ್ಗದ ಮಂಚದ) ಮೇಲೆ ಮುಖ ಮುಚ್ಚಿಕೊಂಡು ಮಲಗಿದ್ದ. ಮೂವರೂ ಕಿಂಡಿಯಲ್ಲಿ ನುಸುಳಿ, ಕಾಂಪೌಂಡ್ ದಾಟಿ ರಸ್ತೆಗೆ ಬಂದರು. ರಸ್ತೆಯಲ್ಲಿ ನೋಡಿದರೆ ಜನವೋ ಜನ. ರಾತ್ರಿಯ ಸಿನಿಮಾ ಆಟ ಬಿಟ್ಟಿತ್ತು! ಆ ಗುಂಪಿನಲ್ಲಿ ಸೇರಿಕೊಂಡರು. ಪೇಶಾವರದ ಬಸ್ಸು ಸಿಕ್ಕಿತು, ಹತ್ತಿ ಕುಳಿತರು.

ಆಗಸ್ಟ್ 14 ಪಾಕಿಸ್ತಾನದ ಸ್ವಾತಂತ್ರ್ಯ ದಿನ. ರಜೆಯ ಗುಂಗಿನಲ್ಲಿ ಕಾವಲು ಸಡಿಲ ಇರುತ್ತದೆ ಅನ್ನುವುದು ಲೆಕ್ಕ. ಕೆಲವರು ವಾಟ್ಸಾಪ್‌ನಲ್ಲಿ ನಮ್ಮ ಆಗಸ್ಟ್ 15ರಂದೇ ತಪ್ಪಿಸಿಕೊಂಡರು ಎಂದು ಕಳಿಸುತ್ತಾರೆ. ಕೇಳಲು ಚೆಂದ, ಆದರೆ ತಪ್ಪು.

ಭಾರತ ಪೂರ್ವಕ್ಕಿದೆ. ಇವರು ಪಶ್ಚಿಮಕ್ಕೆ ಯಾಕೆ ಹೋದ್ರು?

ಒಳ್ಳೆಯ ಪ್ರಶ್ನೆ. ನಕ್ಷೆ ಬಿಚ್ಚಿ ನೋಡಿದ ಯಾರಾದರೂ ಕೇಳುವಂಥದ್ದು. ಭಾರತದ ಗಡಿಯ ಕಡೆ ಎರಡೂ ಸೈನ್ಯಗಳು ಇನ್ನೂ ಮುಖಾಮುಖಿ ನಿಂತಿದ್ದವು. ನೆಲಬಾಂಬು ಹೂತ ಹೊಲಗಳು ಬೇರೆ. ಅಫ್ಘಾನಿಸ್ತಾನದ ಕಡೆ ಯುದ್ಧವೇ ಇರಲಿಲ್ಲ. ಪೇಶಾವರ, ಜಮ್ರೂದ್, ಖೈಬರ್ ಕಣಿವೆ, ಲಾಂಡಿ ಕೋತಲ್, ಆಮೇಲೆ ಗಡಿ. ಬಸ್ಸು, ಟಾಂಗಾ ಸಿಗುವ ದಾರಿ. ಹುಡುಕುವವರು ಮೊದಲು ಪೂರ್ವಕ್ಕೇ ಹುಡುಕುತ್ತಾರೆ ಅನ್ನುವುದೂ ಇತ್ತು.

ಅಷ್ಟು ದೂರ ಹೋಗಿ ಸಿಕ್ಕಿಬಿದ್ದಿದ್ದು ಹೇಗೆ?

ಒಂದು ರೈಲ್ವೆ ಸ್ಟೇಷನ್ನಿನಿಂದ. ಅದೂ ಇಲ್ಲದ ಸ್ಟೇಷನ್ನಿನಿಂದ.

ಬೆಳಿಗ್ಗೆ ಮೂವರೂ ಲಾಂಡಿ ಕೋತಲ್ ತಲುಪಿದರು. ಗಡಿ ಅಲ್ಲಿಂದ ಕೆಲವೇ ಮೈಲಿ. ಅವರಿಗೆ ಗೊತ್ತಿದ್ದ ನಕ್ಷೆಯಲ್ಲಿ ರೈಲು ದಾರಿಯ ಕೊನೆಯ ಸ್ಟೇಷನ್ ಲಾಂಡಿ ಖಾನಾ. ಬ್ರಿಟಿಷರು 1925ರಲ್ಲಿ ಲಾಂಡಿ ಕೋತಲ್‌ಗೆ ರೈಲು ತಂದರು, ಮರುವರ್ಷ ಲಾಂಡಿ ಖಾನಾದವರೆಗೆ ಮುಂದುವರಿಸಿದರು. 1932ರಲ್ಲಿ ಆ ಕೊನೆಯ ತುಂಡನ್ನು ಮುಚ್ಚಿಬಿಟ್ಟರು. ಅಂದರೆ ನಲವತ್ತು ವರ್ಷದಿಂದ ಅಲ್ಲಿಗೆ ರೈಲಿಲ್ಲ. ಹಳೆಯ ನಕ್ಷೆಯಲ್ಲಿ ಮಾತ್ರ ಹೆಸರು ಹಾಗೇ ಉಳಿದಿತ್ತು.

ಲಾಂಡಿ ಖಾನಾಗೆ ಹೇಗೆ ಹೋಗುವುದು ಎಂದು ಇವರು ವಿಚಾರಿಸಿದರು. ಅಲ್ಲಿನವರಿಗೆ ವಿಚಿತ್ರ ಅನ್ನಿಸಿತು. ಆ ಊರಿನ ಹೆಸರು ಹಿಡಿದು ದಾರಿ ಕೇಳುವವರೇ ಇಲ್ಲ. ಮೇಲಾಗಿ ಮೂವರೂ ಹೊಸ ಮುಖ, ಅಲ್ಲಿನ ಪಶ್ತೊ ಭಾಷೆ ಬಾರದು. ತಹಸೀಲ್ದಾರರ ಕಚೇರಿಯ ಗುಮಾಸ್ತನೊಬ್ಬನಿಗೆ ಅನುಮಾನ ಬಂತು. ಹಿಡಿದು ನಿಲ್ಲಿಸಿದರು.

ಎಂಟು ತಿಂಗಳ ಸೆರೆ, ಗೋಡೆ, ಧೂಳುಗಾಳಿ ಎಲ್ಲ ದಾಟಿ ಬಂದವರು ಹಳೆಯ ನಕ್ಷೆಯ ಒಂದು ಹೆಸರಿಗೆ ಮುಗ್ಗರಿಸಿದರು. ಈ ಜಾಗಕ್ಕೆ ಬಂದಾಗ ಕೇಳುವವರ ಬಾಯಿಂದ "ಅಯ್ಯೋ" ಬರದೆ ಹೋದದ್ದನ್ನು ನಾನು ಇನ್ನೂ ನೋಡಿಲ್ಲ.

ಗೂಢಚಾರರು ಅಂತ ಅಲ್ಲೇ ಗುಂಡು ಹಾಕಬಹುದಿತ್ತಲ್ವಾ?

ಹಾಕಬಹುದಿತ್ತು. ತಾವು ಪಾಕಿಸ್ತಾನದ ವಾಯುಪಡೆಯವರು, ಲಾಹೋರಿನಿಂದ ತಿರುಗಾಡಲು ಬಂದಿದ್ದೇವೆ ಎಂದು ಮೂವರೂ ಹೇಳಿಕೊಂಡಿದ್ದರು. ಯಾರೂ ನಂಬುತ್ತಿರಲಿಲ್ಲ. ಗಡಿನಾಡಿನಲ್ಲಿ ಗುರುತಿಲ್ಲದ ಮೂವರು ಮಾಯವಾದರೆ ಕೇಳುವವರು ಯಾರು?

ಆಗ ಪಾರುಲ್ಕರ್‌ಗೆ ಒಂದು ಹೆಸರು ಹೊಳೆಯಿತು. ಕ್ರಿಸ್‌ಮಸ್ ಕೇಕಿನ ಉಸ್ಮಾನ್ ಹಮೀದ್. ಅವರು ಅಷ್ಟರಲ್ಲಿ ಪಾಕಿಸ್ತಾನ ವಾಯುಪಡೆ ಮುಖ್ಯಸ್ಥರ ಎಡಿಸಿ, ಅಂದರೆ ಆಪ್ತ ಅಧಿಕಾರಿ, ಆಗಿದ್ದರು. ಅವರಿಗೆ ಫೋನ್ ಮಾಡಿ, ನಾವು ಯಾರೆಂದು ಅವರೇ ಹೇಳುತ್ತಾರೆ ಎಂದರು. ಫೋನಿನ ಆ ತುದಿಯಲ್ಲಿ ಉಸ್ಮಾನ್‌ಗೆ ಧ್ವನಿ ಕೇಳಿದ ಕೂಡಲೇ ಎಲ್ಲ ಅರ್ಥವಾಯಿತು. ಹೌದು, ನಮ್ಮವರೇ, ಹಿಡಿದಿಟ್ಟುಕೊಳ್ಳಿ, ಆದರೆ ಏನೂ ಮಾಡಬೇಡಿ ಎಂದು ಅಲ್ಲಿನವರಿಗೆ ತಾಕೀತು ಮಾಡಿದರು.

ಮೂವರ ಜೀವ ಉಳಿಯಿತು. ಇದನ್ನು ಹೇಳಿದರೆ ಕೆಲವರಿಗೆ ಕಸಿವಿಸಿ. "ಶತ್ರುವಿನ ಹೊಗಳಿಕೆ ಯಾಕೆ?" ಎಂದು ಒಬ್ಬರು ಪತ್ರವನ್ನೇ ಬರೆದಿದ್ದರು. ನಾನು ಹೊಗಳುತ್ತಿಲ್ಲ, ನಡೆದದ್ದು ಹೇಳುತ್ತಿದ್ದೇನೆ. ಆ ಫೋನ್ ಕರೆ ಬಿಟ್ಟು ಕತೆ ಹೇಳಿದರೆ ಮೂವರು ಬದುಕಿದ್ದಕ್ಕೆ ಕಾರಣವೇ ಸಿಗುವುದಿಲ್ಲ.

## ಸ್ವಲ್ಪ ಆಳದ ಪ್ರಶ್ನೆಗಳು

ತಪ್ಪಿಸಿಕೊಂಡಿದ್ದಕ್ಕೆ ಏನು ಶಿಕ್ಷೆ? ಸಾದಾ ಬಟ್ಟೆ ಹಾಕಿಕೊಂಡಿದ್ದು ಅಪರಾಧ ಅಲ್ವಾ?

ಜಿನೀವಾ ಒಪ್ಪಂದ ಇಲ್ಲಿ ಬಹಳ ಜಾಣತನದಿಂದ ಬರೆದಿದೆ. ಸೈನಿಕ ತಪ್ಪಿಸಿಕೊಳ್ಳಲು ನೋಡುತ್ತಾನೆ, ಹಿಡಿದವರು ತಡೆಯಲು ನೋಡುತ್ತಾರೆ, ಎರಡೂ ಸಹಜ ಎಂಬ ಧಾಟಿ ಅದರದ್ದು. ಆದ್ದರಿಂದ ಸಿಕ್ಕಿಬಿದ್ದವನಿಗೆ ಶಿಸ್ತಿನ ಕ್ರಮ ಮಾತ್ರ. ಒಂದು ಶಿಕ್ಷೆ 30 ದಿನ ಮೀರಬಾರದು. ಯಾರ ಮೇಲೂ ಕೈಮಾಡದೆ, ಬರೀ ತಪ್ಪಿಸಿಕೊಳ್ಳಲೆಂದೇ ಸಾದಾ ಬಟ್ಟೆ ಹಾಕಿದರೆ, ಸುಳ್ಳು ಗುರುತುಪತ್ರ ಇಟ್ಟುಕೊಂಡರೆ ಅದಕ್ಕೂ ಇಷ್ಟೇ. ಅದು 93ನೇ ವಿಧಿ.

ಇನ್ನೊಂದು ಸ್ವಾರಸ್ಯ. ತಪ್ಪಿಸಿಕೊಂಡು ತನ್ನ ಸೈನ್ಯ ಸೇರಿದವನು ಮುಂದೆ ಯಾವತ್ತೋ ಮತ್ತೆ ಸೆರೆಯಾದರೆ, ಹಳೆಯ ಲೆಕ್ಕಕ್ಕೆ ಅವನಿಗೆ ಶಿಕ್ಷೆ ಕೊಡುವಂತಿಲ್ಲ. ಗೆದ್ದರೆ ಗೆದ್ದ ಹಾಗೆ. ಪಾರುಲ್ಕರ್ ಮತ್ತು ಜೊತೆಗಾರರಿಗೆ ಒಂಟಿ ಸೆರೆ ಸಿಕ್ಕಿತು.

ಇವರು ಹೋದ ಮೇಲೆ ಉಳಿದ ಒಂಬತ್ತು ಜನರ ಗತಿ?

ಈ ಪ್ರಶ್ನೆಯನ್ನು ಹೆಚ್ಚಾಗಿ ಕೇಳುವವರು ಸೈನಿಕರ ಮನೆಯವರು. ಒಬ್ಬ ಮಾಡಿದ್ದಕ್ಕೆ ಎಲ್ಲರಿಗೂ ಶಿಕ್ಷೆ ಕೊಡುವುದು ನಿಷಿದ್ಧ. ಆದರೂ ಬೆಳಗ್ಗೆ ಗೋಡೆಯಲ್ಲಿ ಕಿಂಡಿ ಕಂಡ ಕಾವಲುಗಾರರ ಸಿಟ್ಟು ಮೊದಲು ತಾಗುವುದು ಒಳಗೆ ಉಳಿದವರಿಗೇ. ಅದು ಆ ಒಂಬತ್ತು ಮಂದಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಸಹಾಯ ಮಾಡಿದರು, ಗುಟ್ಟು ಬಿಡಲಿಲ್ಲ. ಆಮೇಲೆ ಎಲ್ಲರನ್ನೂ ಲಾಯಲ್‌ಪುರದ ಶಿಬಿರಕ್ಕೆ ಸಾಗಿಸಿದರು. ಈಗಿನ ಫೈಸಲಾಬಾದ್ ಅದು. ಭೂಸೇನೆಯ ನಮ್ಮ ಕೈದಿಗಳೂ ಅಲ್ಲಿದ್ದರು. ಹೊರಗೆ ಹೋದ ಮೂವರ ಹೆಸರಷ್ಟೇ ಪ್ರಸಿದ್ಧಿಯಾಯಿತು. ನನ್ನ ಲೆಕ್ಕದಲ್ಲಿ ಇದು ಹನ್ನೆರಡು ಜನರ ಸಾಹಸ.

ಕೊನೆಗೂ ಸಿಕ್ಕಿಬಿದ್ರಲ್ಲ. ಅದರಲ್ಲಿ ಏನು ದೊಡ್ಡದು?

ಹೈಸ್ಕೂಲಿನ ಒಬ್ಬ ಹುಡುಗ ಎದ್ದು ನಿಂತು ಹೀಗೇ ಕೇಳಿದ್ದ. ಮೇಷ್ಟ್ರು ಗದರಿಸಲು ಹೋದರು, ನಾನು ಬೇಡ ಅಂದೆ. ನ್ಯಾಯವಾದ ಪ್ರಶ್ನೆ. ಲೆಕ್ಕಕ್ಕೆ ಹಿಡಿದರೆ ಓಟ ಸೋತಿತು. ಸುಮ್ಮನೆ ಕುಳಿತಿದ್ದರೂ ಡಿಸೆಂಬರ್‌ಗೆ ಬಿಡುಗಡೆ ಆಗುತ್ತಿತ್ತು.

ಆದರೆ ಆ ಡಿಸೆಂಬರ್ ನಮಗೆ ಗೊತ್ತು, ಅವರಿಗೆ ಗೊತ್ತಿರಲಿಲ್ಲ. ಮತ್ತೆ, ಗೋಡೆ ಕೊರೆಯುತ್ತಿದ್ದ ದಿನಗಳಲ್ಲಿ ಅವರು ಕಾಯುವ ಕೈದಿಗಳಾಗಿರಲಿಲ್ಲ. ಬೆಳಿಗ್ಗೆ ಎದ್ದರೆ ಮಾಡಲು ಒಂದು ಕೆಲಸ ಇತ್ತು. ನೆಟ್ಟಗೆ ಉತ್ತರ ಕೊಟ್ಟೆನೋ ಇಲ್ಲವೋ ಗೊತ್ತಿಲ್ಲ, ಹುಡುಗನಿಗಂತೂ ಪೂರ್ತಿ ಒಪ್ಪಿಗೆ ಆದ ಹಾಗೆ ಕಾಣಲಿಲ್ಲ.

ವಾಪಸ್ ಬಂದಿದ್ದು ಯಾವಾಗ? ಆಮೇಲೆ ನೌಕರಿ ಮುಂದುವರಿಸಿದ್ರಾ?

1972ರ ಡಿಸೆಂಬರ್ 1ರಂದು ವಾಘಾ ಗಡಿಯಲ್ಲಿ ನಡೆದು ಬಂದರು. ಬಿಡುಗಡೆಯ ಸುದ್ದಿಯನ್ನು ಲಾಯಲ್‌ಪುರದ ಶಿಬಿರಕ್ಕೆ ಬಂದು ಹೇಳಿದವರು ಖುದ್ದು ಪಾಕಿಸ್ತಾನದ ಆಗಿನ ಅಧ್ಯಕ್ಷ ಭುಟ್ಟೊ. ಢಾಕಾದಲ್ಲಿ ಶರಣಾಗಿದ್ದ ಪಾಕಿಸ್ತಾನಿಗಳಿಗೆ ಇನ್ನೂ ಕಾಯಬೇಕಾಯಿತು. ಅವರ ವಾಪಸಾತಿ ಮುಗಿದದ್ದು 1974ರ ಏಪ್ರಿಲ್‌ನಲ್ಲಿ.

ಪಾರುಲ್ಕರ್ ಮತ್ತೆ ವಾಯುಪಡೆಯ ಕೆಲಸಕ್ಕೇ ಮರಳಿದರು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಕೆಡೆಟ್‌ಗಳ ಬೆಟಾಲಿಯನ್ ನೋಡಿಕೊಂಡರು. ವಿಶಿಷ್ಟ ಸೇವಾ ಪದಕ ಬಂತು, ಅದರ ಪ್ರಶಸ್ತಿಪತ್ರದಲ್ಲಿ ಈ ತಪ್ಪಿಸಿಕೊಳ್ಳುವ ಪ್ರಯತ್ನದ ಉಲ್ಲೇಖವೇ ಇದೆ. ಸೋತ ಓಟಕ್ಕೆ ಪದಕ! ಆ ಹುಡುಗನಿಗೆ ಇದನ್ನು ಹೇಳಬೇಕಿತ್ತು, ಅವತ್ತು ನೆನಪಾಗಲಿಲ್ಲ.

ಅಭಿನಂದನ್ ಮೂರೇ ದಿನಕ್ಕೆ ಬಂದ್ರು. ಇವರಿಗೆ ಒಂದು ವರ್ಷ ಯಾಕೆ?

ನಮ್ಮ ವಾಯುಪಡೆಯ ಪೈಲಟ್ ಅಭಿನಂದನ್ 2019ರ ಫೆಬ್ರುವರಿ 27ರಂದು ಪಾಕಿಸ್ತಾನದಲ್ಲಿ ಸೆರೆ, ಮಾರ್ಚ್ 1ಕ್ಕೆ ವಾಪಸ್. 1999ರಲ್ಲಿ ಕಾರ್ಗಿಲ್ ಸಮಯದಲ್ಲಿ ಫ್ಲೈಟ್ ಲೆಫ್ಟಿನೆಂಟ್ ನಚಿಕೇತ ಕೂಡ ಸುಮಾರು ಒಂದು ವಾರಕ್ಕೇ ಬಂದರು. ಎರಡು ಸಲವೂ ಒಬ್ಬರೇ ಕೈದಿ, ಇಡೀ ಜಗತ್ತಿನ ಕಣ್ಣು ಅವರ ಮೇಲೆ. ಬೇಗ ಬಿಟ್ಟರೆ ಬಿಟ್ಟವರಿಗೂ ಹೆಸರು. 1971ರಲ್ಲಿ ಕೈದಿಗಳು ಸಾವಿರಗಟ್ಟಲೆ, ಒಬ್ಬೊಬ್ಬರೂ ಮಾತುಕತೆಯ ಮೇಜಿನ ಮೇಲಿನ ಒಂದೊಂದು ಕಾಯಿ.

ಎಲ್ಲ ಕೈದಿಗಳೂ ವಾಪಸ್ ಬಂದ್ರಾ?

ಇಲ್ಲ ಎಂದು ನಂಬಿರುವ ಮನೆಗಳಿವೆ. 1971ರ ಯುದ್ಧದ ನಂತರ ಕಾಣೆಯಾದವರ ಪಟ್ಟಿಯಲ್ಲಿ 54 ಹೆಸರು ಬಹಳ ಕಾಲ ಚಾಲ್ತಿಯಲ್ಲಿತ್ತು. ಅವರು ತಮ್ಮ ವಶದಲ್ಲಿಲ್ಲ ಎಂದೇ ಪಾಕಿಸ್ತಾನ ಹೇಳುತ್ತಾ ಬಂದಿದೆ. 2007ರ ಜೂನ್‌ನಲ್ಲಿ ಕೆಲವು ಕುಟುಂಬದವರು ಪಾಕಿಸ್ತಾನಕ್ಕೇ ಹೋಗಿ ಹತ್ತು ಜೈಲುಗಳನ್ನು ನೋಡಿ ಬಂದರು. ತಮ್ಮವರು ಅಲ್ಲಿದ್ದಾರೆ ಎಂದು ಖಚಿತವಾಗಲಿಲ್ಲ.

ಸೆರೆ ಸಿಕ್ಕವನ ಹೆಸರಿನಲ್ಲಿ ಒಂದು ಕಾರ್ಡು ಮನೆಗೆ ಹೋಗಬೇಕು, ಒಂದು ವಾರದೊಳಗೆ ಅವನಿಗೆ ಅದನ್ನು ಬರೆಯಲು ಬಿಡಬೇಕು ಎಂದು ಜಿನೀವಾ ಒಪ್ಪಂದದ 70ನೇ ವಿಧಿ ಹೇಳುತ್ತದೆ. ಬದುಕಿದ್ದೇನೆ, ಇಂಥಲ್ಲಿದ್ದೇನೆ ಎಂದು ತಿಳಿಸುವ ಕಾರ್ಡು. ಈ ಮನೆಗಳಿಗೆ ಆ ಕಾರ್ಡು ಬರಲೇ ಇಲ್ಲ.